ಯಾವ ಕೈಯಲ್ಲಿ ಶಂಖ?

ನನ್ನ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಮಳೆ ಸುರಿಯುತ್ತಿತ್ತು. ಲಂಡನ್ನಿನ ಮಳೆ. ಹರಾಜು ನಡೆಯುವ ಕಟ್ಟಡದ ಎದುರು ಕಪ್ಪು ಕೋಟಿನ ಪತ್ತೇದಾರನೊಬ್ಬ ಸಿಗರೇಟು ಹಚ್ಚಿ ನಿಂತಿದ್ದ. ಒಳಗೆ ಹಾಸನ ಜಿಲ್ಲೆಯಿಂದ ಕದ್ದು ಸಾಗಿಸಿದ ಹೊಯ್ಸಳರ ಕಾಲದ ವಿಗ್ರಹಕ್ಕೆ ಸವಾಲು ಕೂಗುತ್ತಿದ್ದರು. ಎರಡನೆಯ ಅಧ್ಯಾಯದಲ್ಲಿ ಒಂದು ಹೆಣ ಬೀಳುತ್ತಿತ್ತು, ನಾಲ್ಕನೆಯದರಲ್ಲಿ ದುಬೈ, ಏಳನೆಯದರಲ್ಲಿ ಸ್ವಿಟ್ಜರ್ಲೆಂಡಿನ ಬ್ಯಾಂಕು.

ನಾನು ಲಂಡನ್ ನೋಡಿಲ್ಲ. ಮಳೆ ನೋಡಿದ್ದೇನೆ, ಅದು ಸಕಲೇಶಪುರದ ಮಳೆ. ನಿನ್ನ ಲಂಡನ್ನಿನಲ್ಲಿ ಜನ ಕಂಬಳಿಕೊಪ್ಪೆ ಹಾಕಿಕೊಂಡು ಓಡಾಡುವುದೊಂದು ಬಾಕಿ ಎಂದು ಗೆಳೆಯ ನಕ್ಕ. ಆ ನಗೆ ನನಗೆ ನಾಟಲಿಲ್ಲ. ನಾಟಿದ್ದು ಹಾಸನದ ಬಸ್ ಸ್ಟ್ಯಾಂಡಿನ ಎದುರು ಕಾಫಿ ಕುಡಿಯುತ್ತಾ ಅವನು ಕೇಳಿದ ಇನ್ನೊಂದು ಮಾತು. "ನಿನ್ನ ಪತ್ತೇದಾರ ಆ ವಿಗ್ರಹ ನೋಡಿದ ತಕ್ಷಣ ಇದು ನಮ್ಮೂರಿನದೇ ಅಂತಾನಲ್ಲ, ಹ್ಯಾಗ್ ಗೊತ್ತಾಯ್ತು ಕಣೋ ಅವನಿಗೆ?"

ನೂರಾ ಹತ್ತು ಪುಟದಲ್ಲಿ ಎಲ್ಲೂ ಉತ್ತರ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಅದೇ ಪ್ರಶ್ನೆಯನ್ನು 1994ರಲ್ಲಿ ಪೊಲೀಸರು ನಮ್ಮೂರಿಗೆ ಕೇಳಿದ್ದರು, ಊರಿಗೆ ಊರೇ ತಡವರಿಸಿತ್ತು.

ಊರಿನ ಹೆಸರು ಬರೆಯುವುದಿಲ್ಲ. ನಿಧಿಗಳ್ಳರೂ ಮೊಬೈಲ್ ನೋಡುತ್ತಾರೆ. ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆ ಬಿಟ್ಟು ನಾಲ್ಕು ಕಿಲೋಮೀಟರು ಒಳಗೆ ಎಂದರೆ ಸಾಕು. ಊರ ಮುಂದೆ ಕೆರೆ, ಏರಿಯ ಕೆಳಗೆ ಕೇಶವನ ಗುಡಿ. ಬೇಲೂರು ಹಳೇಬೀಡು ನೋಡಿ ಬಂದವರು ಅದನ್ನು ಯಾರದೋ ಕೊಟ್ಟಿಗೆ ಅಂದುಕೊಳ್ಳಬಹುದು. ಹೊರಗೋಡೆಯ ಮೇಲೆ ಒಂದು ಶಿಲ್ಪವೂ ಇಲ್ಲ. ಆದರೆ ಒಳಗಿದ್ದ ದೇವರು ಎರಡೂವರೆ ಅಡಿಯ ಬಳಪದ ಕಲ್ಲಿನ ಮೂರ್ತಿ. ಕಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುವ ಕಲ್ಲು ಅದು. ಅದಕ್ಕೇ ಹೊಯ್ಸಳರ ರೂವಾರಿಗಳು ಅದರಲ್ಲಿ ಬಳೆಯ ಸಂದು, ಕೂದಲ ಎಳೆ ಎಲ್ಲ ಬಿಡಿಸಿದ್ದು. ಅದಕ್ಕೇ ಇರಬೇಕು, ಕಳ್ಳರಿಗೂ ಅದರ ಮೇಲೆ ಕಣ್ಣು.

ಆಷಾಢದ ಒಂದು ರಾತ್ರಿ ಅದು ಹೋಯಿತು. ನಾನಾಗ ಎಸ್ಸೆಸ್ಸೆಲ್ಸಿ. ಬೆಳಗ್ಗೆ ಅಯ್ನೋರು ಬಾಗಿಲು ತೆಗೆಯಲು ಹೋದರೆ ಬೀಗ ಇರಲಿಲ್ಲ. ಗರ್ಭಗುಡಿಯಲ್ಲಿ ಗರುಡಪೀಠ ಇತ್ತು, ದೇವರಿರಲಿಲ್ಲ. ಮೂರ್ತಿಯನ್ನು ಪೀಠಕ್ಕೆ ಅಂಟಿಸುವ ಅಷ್ಟಬಂಧದ ಗಾರೆಯನ್ನು ಉಳಿಯಿಂದ ಒಕ್ಕಿ ಮೂರ್ತಿಯನ್ನು ಎಬ್ಬಿಸಿಕೊಂಡು ಹೋಗಿದ್ದರು. ಬೆಳ್ಳಿ ಕವಚ ಮೂಲೆಯಲ್ಲಿ ಬಿದ್ದಿತ್ತು, ಹುಂಡಿಯನ್ನು ಮುಟ್ಟಿರಲಿಲ್ಲ. ಸದ್ಯ, ಅಷ್ಟಾದರೂ ಉಳಿಯಿತಲ್ಲ ಎಂದು ಊರವರು ನಿಟ್ಟುಸಿರು ಬಿಟ್ಟರು. ಈಗ ಅನ್ನಿಸುತ್ತದೆ, ದೊಡ್ಡ ಸುಳಿವು ಅಲ್ಲೇ ಬಿದ್ದಿತ್ತು. ಬೆಳ್ಳಿ ಬಿಟ್ಟು ಕಲ್ಲು ಹೊತ್ತವನು ಹಾಸನದ ಸಂತೆಯಲ್ಲಿ ಮಾರಲು ಹೊತ್ತಿರಲಿಲ್ಲ.

ಶ್ವಾನದಳ ಬಂತು. ನಾಯಿ ಗುಡಿಯಿಂದ ಹೊರಟು ಕೆರೆ ಏರಿಯ ತನಕ ಹೋಗಿ, ಅಲ್ಲಿ ನೀರು ನೋಡುತ್ತಾ ಕೂತುಬಿಟ್ಟಿತು. ಆಮೇಲೆ ಅರಳಿಕಟ್ಟೆಯಲ್ಲಿ ಮಹಜರು. ಪಂಚರಾಗಿ ಇಬ್ಬರು ನಿಂತರು. ಇನ್‌ಸ್ಪೆಕ್ಟರು ಕೇಳಿದ್ದು ಬಹಳ ಸರಳವಾದ ಪ್ರಶ್ನೆ, "ವಿಗ್ರಹ ಹೇಗಿತ್ತು?"

"ದೇವ್ರಂಗೇ ಇತ್ತು ಸ್ವಾಮಿ."

"ಅದಲ್ಲ. ಕೈಯಲ್ಲಿ ಏನೇನಿತ್ತು? ಯಾವ ಕೈಯಲ್ಲಿ ಶಂಖ?"

ಪಟೇಲರು ಬಲಗೈ ಅಂದರು. ಶಾನುಭೋಗರ ಮಗ ಎಡಗೈ ಅಂದ. ಇಬ್ಬರದೂ ಮಾತಿಗೆ ಮಾತು ಬೆಳೆದು ಹಳೆಯ ಗದ್ದೆ ಬದುವಿನ ಜಗಳ ಮೇಲೆದ್ದಿತು. ನಮ್ಮಜ್ಜಿ ಒಬ್ಬಳೇ ನಿಜ ಹೇಳಿದ್ದು. "ಕವಚ, ಹೂವು, ಪಂಚೆ ಎಲ್ಲಾ ಹಾಕಿದ್ಮ್ಯಾಲೆ ನಂಗೆ ಕಾಣ್ತಿದ್ದದ್ದು ಕಣ್ಣೊಂದೇಯ." ಅರವತ್ತು ವರ್ಷ ಆ ದೇವರ ಮಂಗಳಾರತಿ ತಗೊಂಡವಳು ಅವಳು.

ಅದು ತಲೆಹರಟೆಯ ಪ್ರಶ್ನೆ ಎಂದು ಆಗ ನಗು ಬಂದಿತ್ತು. ವಿಷ್ಣುವಿನ ಚತುರ್ವಿಂಶತಿ ಮೂರ್ತಿಗಳಲ್ಲಿ ಕೇಶವ, ನಾರಾಯಣ, ಮಾಧವ, ಜನಾರ್ದನ ಎಲ್ಲರೂ ನಿಂತ ಭಂಗಿ ಒಂದೇ, ಹಿಡಿದಿರುವುದೂ ಅದೇ ಶಂಖ, ಚಕ್ರ, ಗದೆ, ಪದ್ಮ. ಯಾವುದು ಯಾವ ಕೈಯಲ್ಲಿ ಎಂಬುದರ ಮೇಲೆಯೇ ಹೆಸರು ಬದಲಾಗುವುದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ಎಫ್‌ಐಆರ್ ಹೀಗಾಯಿತು: ಸುಮಾರು ಎರಡೂವರೆ ಅಡಿ ಎತ್ತರದ ಕಪ್ಪು ಕಲ್ಲಿನ ವಿಷ್ಣುವಿನ ವಿಗ್ರಹ, ಯಾವುದೇ ಊನವಿಲ್ಲದ್ದು, ಅಂದಾಜು ಬೆಲೆ ಹತ್ತು ಸಾವಿರ ರೂಪಾಯಿ. ಐಪಿಸಿ 457, 380, ಎಂದರೆ ರಾತ್ರಿ ಬೀಗ ಒಡೆದು ನುಗ್ಗಿದ್ದು ಮತ್ತು ಕಳವು. ಮುಂದೆ 'ಸಿ' ರಿಪೋರ್ಟ್ ಹಾಕಿ ಕಡತ ಮುಚ್ಚಿದರು. ಸುಳ್ಳು ಕೇಸಾದರೆ 'ಬಿ', ಪತ್ತೆಯಾಗದಿದ್ದರೆ 'ಸಿ'.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಹಾಸನದಲ್ಲಿರುವ ಒಬ್ಬ ನಿವೃತ್ತ ದಫೇದಾರರು. ನಮ್ಮ ಕೇಸಿಗೂ ಅವರಿಗೂ ಸಂಬಂಧವಿಲ್ಲ. ಕಾದಂಬರಿಗೆ ಬೇಕು ಎಂದು ಹೋಗಿದ್ದೆ. ಮನೆಯವರು ಕಾಫಿ ಕೊಟ್ಟರು. ಬಾಬಾ ಬುಡನ್ ಯೆಮೆನ್ನಿನ ಮೋಖಾದಿಂದ ಏಳು ಬೀಜ ಬಚ್ಚಿಟ್ಟುಕೊಂಡು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂಬ ಕಥೆ ನಂಬುವುದಾದರೆ, ನಮ್ಮ ಕಡೆಯವರು ಕಳ್ಳಸಾಗಣೆಯನ್ನು ಬಯ್ಯುವ ಮುಂಚೆ ಲೋಟ ಕೆಳಗಿಡಬೇಕು. ನಾನು ಇಡಲಿಲ್ಲ.

ದಫೇದಾರರು ಹೇಳಿದ್ದು: "ನೋಡಪ್ಪ, ಮೋಟರ್ ಸೈಕಲ್ ಕಳವಾದ್ರೆ ಇಂಜಿನ್ ನಂಬರ್ ಇರುತ್ತೆ, ಚಾಸಿ ನಂಬರ್ ಇರುತ್ತೆ. ಹಸು ಕಳವಾದ್ರೆ ಹಣೇಲಿ ಬಿಳಿ ಚುಕ್ಕಿ, ಎಡಗೊಂಬು ಸೊಟ್ಟ, ಬಾಲದ ತುದಿ ಕಪ್ಪು, ಎಲ್ಲಾ ಒಂದೇ ಉಸಿರಲ್ಲಿ ಬರೆಸ್ತಾರೆ. ದೇವ್ರು ಕಳವಾದ್ರೆ ಮಾತ್ರ ಕೈ ಮುಗೀತಾರೆ. ಕೈ ಮುಗಿದ್ರೆ ನಾನೇನು ಬರಕೊಳ್ಳಲಿ?"

ಆ ದಿನ ಮನೆಗೆ ಬಂದು ಕಪ್ಪು ಕೋಟಿನವನನ್ನು ಕಾದಂಬರಿಯಿಂದ ಓಡಿಸಿದೆ. ನಿಜವಾದ ವಿಗ್ರಹ ಕಳವಿನ ಕೇಸುಗಳನ್ನು ಓದತೊಡಗಿದೆ. ನಮ್ಮ ರಾಜ್ಯದ್ದಕ್ಕಿಂತ ತಮಿಳುನಾಡಿನ ಚೋಳರ ಕಂಚಿನ ಮೂರ್ತಿಗಳ ಕಥೆಗಳೇ ಹೆಚ್ಚು ಸಿಕ್ಕವು. ಎತ್ತಿಕೊಂಡು ಹೋಗಲು ಕಲ್ಲಿಗಿಂತ ಲೋಹ ಸಲೀಸು.

ನನ್ನ ನಿದ್ದೆ ಕೆಡಿಸಿದ್ದು ಕುಂಭಕೋಣದ ಬಳಿಯ ಶಿವಪುರದ ನಟರಾಜ. 1951ರಲ್ಲಿ ಭೂಮಿಯೊಳಗೆ ಸಿಕ್ಕ ಕೆಲವು ಕಂಚಿನ ಮೂರ್ತಿಗಳಲ್ಲಿ ಅದೊಂದು. ದೇವಸ್ಥಾನಕ್ಕೆ ಒಪ್ಪಿಸಿದರು. ಮೂರು ವರ್ಷದ ಮೇಲೆ ರಿಪೇರಿಗೆಂದು ಸ್ಥಪತಿಯ ಹತ್ತಿರ ಹೋಯಿತು, ರಿಪೇರಿಯಾಗಿ ವಾಪಸು ಬಂತು, ಪೂಜೆ ನಡೆಯಿತು. ವಾಪಸು ಬಂದದ್ದು ನಕಲು. ಅಸಲು ಬೊಂಬಾಯಿ ಸೇರಿತ್ತು. ಗುಡಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಅನುಮಾನ ಬಂದದ್ದು ಬ್ರಿಟಿಷ್ ಮ್ಯೂಸಿಯಮ್ಮಿನ ಡಗ್ಲಸ್ ಬ್ಯಾರೆಟ್ ಎಂಬ ವಿದ್ವಾಂಸನಿಗೆ. ಬೊಂಬಾಯಿಯ ಸಂಗ್ರಾಹಕರೊಬ್ಬರ ಮನೆಯಲ್ಲಿ ಅಸಲನ್ನು ಕಂಡಿದ್ದ ಅವನು, ಗುಡಿಯಲ್ಲಿರುವುದು ನಕಲು ಎಂದು 1965ರಲ್ಲಿ ಅಚ್ಚಿನಲ್ಲೇ ಹೇಳಿದ. ಅಷ್ಟಾದರೂ ಮೂರ್ತಿ ಕೈಯಿಂದ ಕೈಗೆ ದಾಟಿ ಅಮೆರಿಕ ಸೇರಿತು. 1973ರಲ್ಲಿ ನಾರ್ಟನ್ ಸೈಮನ್ ಎಂಬ ಉದ್ಯಮಿಯ ಪ್ರತಿಷ್ಠಾನ ಅದನ್ನು ಸುಮಾರು 9 ಲಕ್ಷ ಡಾಲರ್ ಕೊಟ್ಟು ಕೊಂಡಿತು. ಭಾರತ ಸರ್ಕಾರ ಕೋರ್ಟಿಗೆ ಹೋಯಿತು. 1976ರಲ್ಲಿ ರಾಜಿಯಾಯಿತು, ಹತ್ತು ವರ್ಷ ಅಲ್ಲೇ ಇಟ್ಟುಕೊಂಡು ಆಮೇಲೆ ಒಪ್ಪಿಸುವುದೆಂದು. ಹಾಗೇ 1986ರಲ್ಲಿ ವಾಪಸು ಬಂತು.

ನನ್ನನ್ನು ಕಾಡಿದ್ದು ಡಾಲರ್ ಲೆಕ್ಕವಲ್ಲ. ನಕಲಿಗೆ ಹಾಲೆರೆದು, ನಕಲಿಗೆ ಮಂಗಳಾರತಿ ಎತ್ತಿ, ನಕಲಿನ ಮುಂದೆ ಮದುವೆ ಮಾಡಿಸಿಕೊಂಡ ಜನ. ಅವರನ್ನು ದಡ್ಡರು ಅನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮೂರಿನ ಕಳ್ಳರು ಪೀಠ ಬರಿದು ಮಾಡುವ ಬದಲು ಯಾವುದಾದರೂ ಕಪ್ಪು ಕಲ್ಲನ್ನು ನಿಲ್ಲಿಸಿ ಮೇಲೆ ಕವಚ ಹಾಕಿ ಹೋಗಿದ್ದರೆ, ಇವತ್ತಿಗೂ ನಮಗೆ ತಿಳಿಯುತ್ತಿತ್ತೇ? ಅಯ್ನೋರೊಬ್ಬರಿಗೆ ತಿಳಿಯುತ್ತಿತ್ತು. ಅವರ ಮಾತಿಗೆ ಆಮೇಲೆ ಬರುತ್ತೇನೆ.

ಪತ್ತೂರಿನ ನಟರಾಜನ ಕಥೆ ಇದಕ್ಕೆ ತದ್ವಿರುದ್ಧ. ನೆಲದಡಿ ಹೂತಿದ್ದ ಮೂರ್ತಿ, 1976ರಲ್ಲಿ ಒಬ್ಬ ಕೂಲಿಯ ಗುದ್ದಲಿಗೆ ಸಿಕ್ಕಿತು. ಎಂದರೆ ಅದರ ಮುಖ ನೋಡಿದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಅದು ಲಂಡನ್ ತಲುಪಿ, ಕೆನಡಾದ ಕಂಪನಿಯೊಂದು ಕೊಂಡು, ದುರಸ್ತಿಗೆಂದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದಾಗ ಪೊಲೀಸರು ಹಿಡಿದರು. ಲಂಡನ್ನಿನ ಹೈಕೋರ್ಟಿನಲ್ಲಿ ಪಾಳುಬಿದ್ದ ದೇವಸ್ಥಾನವೇ ಕಕ್ಷಿದಾರನಾಗಿ ನಿಂತಿತು. ಸಾಕ್ಷಿ ಹೇಳಿದ್ದು ಮೂರ್ತಿಗೆ ಅಂಟಿಕೊಂಡಿದ್ದ ಮಣ್ಣು ಮತ್ತು ಗೆದ್ದಲು ಹರಿದ ಗುರುತು. ದೇವಸ್ಥಾನ 1988ರಲ್ಲಿ ಗೆದ್ದಿತು, ಮೇಲ್ಮನವಿಯಲ್ಲೂ ಗೆದ್ದು 1991ರಲ್ಲಿ ನಟರಾಜ ವಾಪಸು ಬಂದ. ಗೆದ್ದಲು ಸಾಕ್ಷಿ ಹೇಳುವ ದೃಶ್ಯವನ್ನು ನಾನು ಕಾದಂಬರಿಯಲ್ಲಿ ಬರೆದಿದ್ದರೆ ಗೆಳೆಯ ಪುಸ್ತಕ ಎಸೆಯುತ್ತಿದ್ದ.

ಮೂರನೆಯದು ತಮಿಳುನಾಡಿನ ಶ್ರೀಪುರಂತನ್ ಎಂಬ ಊರಿನ ನಟರಾಜ. ಅಲ್ಲಿ ಪೂಜೆಯೇ ನಿಂತು ಗುಡಿಗೆ ಬೀಗ ಬಿದ್ದಿತ್ತು, ಕಳವಾದದ್ದು ಗೊತ್ತಾಗುವುದಕ್ಕೇ ಬಹುಕಾಲ ಹಿಡಿಯಿತು. ಅಷ್ಟರಲ್ಲಿ ನಟರಾಜ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಮೂಲಕ 2008ರಲ್ಲಿ ಆಸ್ಟ್ರೇಲಿಯದ ನ್ಯಾಷನಲ್ ಗ್ಯಾಲರಿಗೆ ಸುಮಾರು 50 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಜೊತೆಗೊಂದು ಕಾಗದ: 1970ರ ಆಸುಪಾಸಿನಲ್ಲೇ ಭಾರತದಲ್ಲಿ ಕೊಂಡದ್ದು, ಹೊರಗೆ ಬಂದು ಬಹಳ ಕಾಲವಾಯಿತು ಎಂದು. ಈ ದಂಧೆಯ ಪ್ರಾಣ ಇರುವುದು ಇಂಥ ಕಾಗದದಲ್ಲಿ. ಕಳ್ಳ ಕಲ್ಲು ಕದಿಯುತ್ತಾನೆ, ದಲ್ಲಾಳಿ ಅದಕ್ಕೊಂದು ಜಾತಕ ಬರೆಯುತ್ತಾನೆ. ನಮ್ಮ ಪುರಾತನ ವಸ್ತುಗಳ ಕಾಯ್ದೆ ಆದದ್ದು 1972ರಲ್ಲಿ, ಜಾರಿಗೆ ಬಂದದ್ದು 1976ರಲ್ಲಿ. ಅದಕ್ಕಿಂತ ಮುಂಚೆ ಹೊರಟಿತ್ತು ಎಂದು ಜಾತಕ ಹೊಂದಿಸಿದರೆ ಅರ್ಧ ಕೆಲಸ ಮುಗಿದಂತೆ.

ಆ ಜಾತಕವನ್ನು ಹರಿದದ್ದು ಬಂದೂಕಲ್ಲ, ಒಂದು ಫೋಟೊ. ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು 1950ರ ದಶಕದಿಂದ ದಕ್ಷಿಣದ ಗುಡಿಗುಡಿ ಸುತ್ತಿ ತೆಗೆದ ಲಕ್ಷಕ್ಕೂ ಹೆಚ್ಚು ಫೋಟೊಗಳಲ್ಲಿ, 1994ರ ಒಂದರಲ್ಲಿ, ನಟರಾಜ ಇನ್ನೂ ಶ್ರೀಪುರಂತನ್ನಿನಲ್ಲೇ ನಿಂತಿದ್ದ. 1994. ನಮ್ಮೂರಿನ ಕೇಶವ ಹೋದ ವರ್ಷ. ಕಪೂರ್ 2011ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಸಿಕ್ಕಿಬಿದ್ದ. 2014ರಲ್ಲಿ ಆಸ್ಟ್ರೇಲಿಯದ ಪ್ರಧಾನಿ ಟೋನಿ ಅಬಾಟ್ ದೆಹಲಿಗೆ ಬಂದಾಗ ನಟರಾಜನೂ ಬಂದ. 2022ರಲ್ಲಿ ಕುಂಭಕೋಣದ ಕೋರ್ಟು ಕಪೂರನಿಗೆ ಹತ್ತು ವರ್ಷ ಶಿಕ್ಷೆ ಕೊಟ್ಟಿತು.

ನಮ್ಮೂರಿಗೆ ಕ್ಯಾಮೆರಾ ಹಿಡಿದು ಯಾರೂ ಬಂದಿರಲಿಲ್ಲ. ಹಳೇಬೀಡಿಗೆ ಬಂದಿದ್ದರು. 1856ರಲ್ಲೇ ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ ಅಲ್ಲಿನ ಗೋಡೆಗಳ ಫೋಟೊ ತೆಗೆದ. ಬೇಲೂರಿನ ಶಿಲಾಬಾಲಿಕೆಯರನ್ನು ಲೋಕವೆಲ್ಲ ಎಣಿಸಿಟ್ಟಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿ ಸೇರಿದವು. ಒಳ್ಳೆಯದೇ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಕಾಳಿ 2020ರ ನವೆಂಬರಿನಲ್ಲಿ ತುಂಡು ತುಂಡಾಗಿ ಬಿದ್ದಿದ್ದು ಕಂಡಾಗ ಜಿಲ್ಲೆಯೇ ಬೆಚ್ಚಿತು. ಆದರೆ ತುಂಡುಗಳು ಅಲ್ಲೇ ಇದ್ದವು, ಮೊದಲು ಹೇಗಿತ್ತು ಎಂಬ ಫೋಟೊಗಳೂ ಇದ್ದವು. ಪುರಾತತ್ವ ಇಲಾಖೆ ಜೋಡಿಸಿ ನಿಲ್ಲಿಸಿತು. ಅಂಥ ಭಾಗ್ಯ ಕೆರೆ ಏರಿಯ ಕೆಳಗಿನ ಸಣ್ಣ ಗುಡಿಗಳಿಗಿಲ್ಲ. ದಿನಕ್ಕೊಂದು ಹೊತ್ತು ಪೂಜೆ, ಪೂಜೆಗೆಂದು ಮುಜರಾಯಿ ಇಲಾಖೆಯಿಂದ ಬರುವ ತಸ್ತೀಕಿನ ಹಣ, ಸೈಕಲ್ ಅಂಗಡಿಯಲ್ಲಿ ತಂದ ಬೀಗ.

ನಮ್ಮ ಮನೆಯಲ್ಲೊಂದು ಫೋಟೊ ಇದೆ. 1986ರಲ್ಲಿ ನಮ್ಮ ಸೋದರತ್ತೆಯ ಮದುವೆ ಅದೇ ಗುಡಿಯಲ್ಲಾಯಿತು. ಹುಡುಗ ಹುಡುಗಿ ಗರ್ಭಗುಡಿಯ ಮುಂದೆ ನಿಂತಿದ್ದಾರೆ. ದೇವರು ಇರಬೇಕಾದ ಕಡೆ ಮಾವನ ಪೇಟ ಇದೆ. ಪೇಟದ ಪಕ್ಕ ಕವಚದ ಮೇಲೆ ಫ್ಲ್ಯಾಶ್ ಬಿದ್ದು ಬೆಳ್ಳಗಾಗಿದೆ. ಭೂತಗನ್ನಡಿ ಹಿಡಿದು ತಿಂಗಳುಗಟ್ಟಲೆ ನೋಡಿದೆ. ಪ್ರಭಾವಳಿಯ ಒಂದು ಮೂಲೆ ಸಿಕ್ಕಿತು. ದಶಾವತಾರದ ಸಾಲಿನಲ್ಲಿ ಮೊದಲ ಮೀನು, ಅದರ ಮೇಲೆ ಆಮೆಯ ಬೆನ್ನು. ಮಾವ ಆವತ್ತು ಒಂದು ಗೇಣು ಪಕ್ಕಕ್ಕೆ ಸರಿದಿದ್ದರೆ ಎಂದು ಎಷ್ಟು ಸಲ ಬೈದುಕೊಂಡಿದ್ದೇನೋ. ಪಾಪ, ಅವರಿಗೇನು ಗೊತ್ತು.

ಕಳವಾದ ಕಲಾವಸ್ತುಗಳನ್ನು ವಿವರಿಸುವುದಕ್ಕೆ 'ಆಬ್ಜೆಕ್ಟ್ ಐಡಿ' ಎಂಬ ಒಂದು ಮಾದರಿ ಇದೆ, 1997ರಿಂದ. ಪೊಲೀಸರು, ಕಸ್ಟಮ್ಸ್‌ನವರು, ಮ್ಯೂಸಿಯಮ್ಮಿನವರು ಒಂದೇ ಭಾಷೆಯಲ್ಲಿ ಮಾತಾಡಲಿ ಎಂದು ಮಾಡಿದ್ದು. ಇಂಟರ್‌ಪೋಲ್‌ನ ಪಟ್ಟಿಯಲ್ಲಿರುವ 50 ಸಾವಿರಕ್ಕೂ ಹೆಚ್ಚು ವಸ್ತುಗಳು ಇಂಥ ವಿವರ, ಫೋಟೊಗಳ ಬಲದ ಮೇಲೇ ನಿಂತಿವೆ. ಯಾವ ವಸ್ತು, ಯಾವುದರಿಂದ ಮಾಡಿದ್ದು, ಅಳತೆ ಎಷ್ಟು ಎಂದೆಲ್ಲ ಕೇಳುತ್ತಾ ಬಂದು ಅದು ಒಂದು ಕಡೆ ಕೇಳುತ್ತದೆ: ಒಡಕು, ಮುಕ್ಕು, ರಿಪೇರಿ, ಇದರದ್ದೇ ಆದ ಗುರುತು ಏನಾದರೂ ಇದೆಯೇ? ಹೊಸದೇ ಆಗಿ ಕಾಣುವ ಎರಡು ಮೂರ್ತಿಗಳನ್ನು ಬೇರೆ ಮಾಡುವುದು ಕಷ್ಟ. ಮುಕ್ಕಾದದ್ದು ಮಾತ್ರ ತಾನೇ ತಾನಾಗಿ ಉಳಿಯುತ್ತದೆ.

ಅದನ್ನು ಓದಿದ ವಾರ ಅಯ್ನೋರನ್ನು ನೋಡಲು ಹೋದೆ. ಎಂಬತ್ತು ದಾಟಿದೆ, ಈಗ ಹಾಸನದಲ್ಲಿ ಮಗನ ಮನೆಯಲ್ಲಿದ್ದಾರೆ. ಕೈ ನಡುಗುತ್ತದೆ, ನೆನಪು ನಡುಗುವುದಿಲ್ಲ. ಶಂಖದ ಪ್ರಶ್ನೆ ಕೇಳಿದ ಕೂಡಲೇ ಕಣ್ಣು ಮುಚ್ಚಿ, ಇರುವ ಎರಡು ಕೈಯಲ್ಲೇ ನಾಲ್ಕು ಕೈ ತೋರಿಸಿದರು. ಮೇಲೆ ಬಲಗೈಯಲ್ಲಿ ಶಂಖ, ಎಡಗೈಯಲ್ಲಿ ಚಕ್ರ. ಕೆಳಗೆ ಎಡಗೈಯಲ್ಲಿ ಗದೆ, ಬಲಗೈಯಲ್ಲಿ ಪದ್ಮ.

"ಹಾಗಾದ್ರೆ ಪಟೇಲರು ಹೇಳಿದ್ದೇ ಸರಿ."

"ಅವನ ಬಲಗೈ ಕಣಪ್ಪಾ. ನಾವು ಎದುರಿಗೆ ನಿಂತ್ರೆ ನಮ್ಮ ಎಡಗಡೆಗೆ ಬರುತ್ತೆ. ಇಬ್ಬರೂ ಸರಿಯೇ. ಇಬ್ಬರೂ ಕೈ ಎತ್ತಿ ತೋರಿಸಿದ್ದು ಒಂದೇ ಕಡೆಗೆ."

ಇದನ್ನು ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಗ ಎದ್ದು ಒಳಗೆ ಹೋದ ಮೇಲೆ ಬಾಯಿ ಬಿಟ್ಟರು. ಕಳವಿಗೆ ಎಷ್ಟೋ ವರ್ಷ ಮುಂಚೆ ದೀಪದ ಕಂಬ ಉರುಳಿ ಮೂರ್ತಿಯ ಬಲಗಾಲಿನ ಹೆಬ್ಬೆರಳ ತುದಿ ಹಾರಿತ್ತು. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು. ಊರಿಗೆ ಗೊತ್ತಾದರೆ ಹೊಸದು ಮಾಡಿಸಿ ಹಳೆಯದನ್ನು ಕೆರೆಗೆ ಬಿಡುತ್ತಿದ್ದರು. "ಅಷ್ಟು ಲಕ್ಷಣವಾದ ಮೂರ್ತಿ. ನನಗೆ ಮನಸ್ಸು ಬರಲಿಲ್ಲ." ಅರಗಿಗೆ ಮಸಿ ಕಲಸಿ ಬೆರಳನ್ನು ತಾವೇ ತಿದ್ದಿದರು. ಹೆಂಡತಿಗೂ ಹೇಳಲಿಲ್ಲ. ಅರಳಿಕಟ್ಟೆಯಲ್ಲಿ ಇನ್‌ಸ್ಪೆಕ್ಟರು ಊನ ಏನಾದರೂ ಇತ್ತಾ ಎಂದು ಕೇಳಿದಾಗ ಊರೆಲ್ಲ ಸುತ್ತ ನಿಂತಿತ್ತು. ಇವರು ಇಲ್ಲ ಅಂದರು.

ಎಫ್‌ಐಆರ್‌ನ 'ಯಾವುದೇ ಊನವಿಲ್ಲದ್ದು' ಎಂಬ ಮಾತು ಅಲ್ಲಿಂದ ಬಂದದ್ದು. ಲೋಕದ ಯಾವ ಮೂಲೆಯಲ್ಲಿ ಆ ಮೂರ್ತಿ ಸಿಕ್ಕಿದ್ದರೂ, ಬೆರಳು ಮುಕ್ಕಾದದ್ದು ಎಂಬ ಒಂದೇ ಕಾರಣಕ್ಕೆ ಅದು ನಮ್ಮದಲ್ಲ ಎಂದು ನಮ್ಮ ಕಾಗದವೇ ಸಾಕ್ಷಿ ಹೇಳುತ್ತಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಊರಿನಲ್ಲಿ ಆ ಮೂರ್ತಿಯನ್ನು ಸರಿಯಾಗಿ ನೋಡಿದ್ದವರು ಅವರೊಬ್ಬರೇ.

ಅಲ್ಲಿಂದಾಚೆ ನನ್ನ ರಾತ್ರಿಗಳು ಹರಾಜಿನ ಕ್ಯಾಟಲಾಗುಗಳಲ್ಲಿ ಕಳೆಯುತ್ತಿವೆ. ನ್ಯೂಯಾರ್ಕಿನಲ್ಲಿ ಪ್ರತಿ ಮಾರ್ಚಿಗೆ ಏಷ್ಯಾದ ಕಲಾವಸ್ತುಗಳ ವಾರ ನಡೆಯುತ್ತದೆ. ಹೊಯ್ಸಳ ಎಂದು ಟೈಪಿಸಿ, ಬಂದ ಚಿತ್ರವನ್ನು ಹಿಗ್ಗಿಸಿ, ನೇರವಾಗಿ ಕಾಲಿಗೆ ಹೋಗುತ್ತೇನೆ. ದೇವರ ಪಾದ ನೋಡುವುದರಲ್ಲಿ ನಾನು ಈಗ ದಾಸರನ್ನು ಮೀರಿಸಿದ್ದೇನೆ ಎಂದು ಹೆಂಡತಿ ಹೇಳುತ್ತಾಳೆ.

ಹೋದ ವರ್ಷ ಒಂದು ಸಿಕ್ಕಿತು. ಹಿಂದೆ ಯಾವಾಗಲೋ ಮಾರಾಟಕ್ಕಿದ್ದದ್ದು. ಕೇಶವ, ದಕ್ಷಿಣ ಭಾರತ, ಖಾಸಗಿ ಸಂಗ್ರಹ, 1960ರ ದಶಕದಲ್ಲಿ ಕೊಂಡದ್ದು ಎಂದು ಜಾತಕ. ಶಂಖ ಮೇಲಿನ ಬಲಗೈಯಲ್ಲಿ. ಪ್ರಭಾವಳಿಯ ಕೆಳಗೆ ಮೀನು, ಆಮೆ. ಅವು ಎಲ್ಲದರಲ್ಲೂ ಇರುತ್ತವೆ. ಬಲಗಾಲ ಹೆಬ್ಬೆರಳ ತುದಿ ಮುಕ್ಕು. ಅದೂ ನೂರರಲ್ಲಿ ಹತ್ತಕ್ಕೆ ಇರಬಹುದು. ಆದರೂ ಎದೆ ಹೊಡೆದುಕೊಂಡಿತು. ಲ್ಯಾಪ್‌ಟಾಪ್ ಹೊತ್ತುಕೊಂಡು ಅಯ್ನೋರ ಹತ್ತಿರ ಹೋದೆ.

ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ತಂದು ಪರದೆಯ ಮೇಲಿಟ್ಟರು. "ಇದು ಗಾಜು," ಅಂದರು, ತಮಗೆ ತಾವೇ. ಎಣ್ಣೆಕಾಪು ಮಾಡುವಾಗ ಪ್ರಭಾವಳಿಯ ಹಿಂದೆ ಕೈ ಹಾಕಿದರೆ, ಎಡ ಭುಜದ ಮಟ್ಟದಲ್ಲಿ ಬೇವಿನ ಎಲೆಯಷ್ಟು ಉದ್ದದ ಒಂದು ಉಳಿ ಗುರುತು ಸಿಗುತ್ತಿತ್ತಂತೆ. ರೂವಾರಿ ನಯಮಾಡದೆ ಬಿಟ್ಟದ್ದು. ನಲವತ್ತು ವರ್ಷ ದಿನವೂ ಅಲ್ಲಿಗೆ ಬಂದು ಬೆರಳು ಒಂದು ಗಳಿಗೆ ನಿಲ್ಲುತ್ತಿತ್ತು. ಕಣ್ಣಲ್ಲಿ ಒಮ್ಮೆಯೂ ನೋಡಿದ್ದಲ್ಲ.

"ಇವನನ್ನು ಸ್ವಲ್ಪ ಆ ಕಡೆ ತಿರುಗಿಸೋಕಾಗುತ್ತಾ?"

ಕ್ಯಾಟಲಾಗಿನಲ್ಲಿ ಹಿಂಬದಿಯ ಚಿತ್ರ ಇರಲಿಲ್ಲ. ಆ ರಾತ್ರಿಯೇ ಇಮೇಲ್ ಬರೆದೆ, ಹಿಂಬದಿಯ ಫೋಟೊ ಇದ್ದರೆ ದಯವಿಟ್ಟು ಕಳಿಸಿ ಎಂದು. ಮೂರು ವಾರಕ್ಕೆ ಉತ್ತರ ಬಂತು. ಆ ವಸ್ತು ಮಾರಾಟವಾಗಿದೆ, ಕೊಂಡವರ ವಿವರ ಕೊಡಲು ಬರುವುದಿಲ್ಲ, ಬೇರೆ ಚಿತ್ರಗಳು ಲಭ್ಯವಿಲ್ಲ, ನಿಮ್ಮ ಆಸಕ್ತಿಗೆ ಧನ್ಯವಾದ. ದಫೇದಾರರಿಗೆ ತೋರಿಸಿದೆ. ಹಳೆಯ ಎಫ್‌ಐಆರ್ ಪಕ್ಕ ಅದನ್ನಿಟ್ಟು ನೋಡಿ, ಅಯ್ನೋರ ಹೇಳಿಕೆಯನ್ನು ಮೊದಲು ಕಾಗದದ ಮೇಲೆ ತರಬೇಕು ಅಂದರು. ಅದಕ್ಕೆ ಅಯ್ನೋರು ಊರಿನ ಮುಂದೆ ಬೆರಳಿನ ವಿಷಯ ಒಪ್ಪಿಕೊಳ್ಳಬೇಕು. ನಾನಿನ್ನೂ ಕೇಳಿಲ್ಲ.

ಅವರೇ ವಾರಕ್ಕೊಮ್ಮೆ ಮಗನ ಫೋನಿನಿಂದ ನನಗೆ ಮಾಡುತ್ತಾರೆ. ಕ್ಷೇಮ ಸಮಾಚಾರವೆಲ್ಲ ಮುಗಿದು, ಇಡುವ ಮುಂಚೆ, ದನಿ ತಗ್ಗಿಸಿ ಕೇಳುತ್ತಾರೆ:

"ತಿರುಗಿಸಿದರೇನಪ್ಪಾ?"